ಲಶ್ಕರಾನನ ಅಪ್ಪ ಯಾರು

ಕಾಲೇಜು ಹಾಸ್ಟೆಲ್, ಕ್ವೆಟ್ಟಾ
೨೨ ಸೆಪ್ಟೆಂಬರ್ ೧೯೬೬

ಅಬ್ಬಾ ಅವರಿಗೆ ಸಲಾಮ್.

ನಾನು ಚೆನ್ನಾಗಿದ್ದೇನೆ. ಅಂದರೆ ಕೆಮ್ಮು ಇದೆ, ಆದರೆ ಅದು ಇಲ್ಲಿನ ಧೂಳಿನದು ಎಂದು ವಾರ್ಡನ್ ಹೇಳಿದರು, ಅಜ್ಜಿಗೆ ಹೇಳಬೇಡಿ. ರೂಮಿನಲ್ಲಿ ನಾವು ನಾಲ್ವರು. ನಮ್ಮೂರ ಮೀರ್ ಸಂಜರ್ ಅವರ ತಮ್ಮನ ಮಗ ಹಾಸಿಲ್ ನನ್ನ ಪಕ್ಕದ ಮಂಚದವನು. ನಾನು ಬಲೋಚಿಯಲ್ಲಿ ಬಾಯಿ ತೆರೆದರೆ ಸಾಕು, "ನಿನ್ನ ಬಲೋಚಿಗೆ ಯಾರೋ ಟೈ ಕಟ್ಟಿದ ಹಾಗಿದೆ ಕಣೋ" ಎನ್ನುತ್ತಾನೆ. ಅವನಿಂದಾಗಿ ಈಗ ಮೆಸ್ಸಿನ ಅಡುಗೆಯವನೂ ನನ್ನನ್ನು ಅರ್ಧ ಅಂಗ್ರೇಜ ಎಂದೇ ಕರೆಯುತ್ತಾನೆ. ಆರನೇ ವಯಸ್ಸಿಗೆ ಮಿಷನ್ ಹಾಸ್ಟೆಲಿಗೆ ಹೋದವನು ನಾನೇ ಬಯಸಿ ಹೋದೆನೇ? ಇರಲಿ, ಇದನ್ನು ದೂರು ಎಂದು ಓದಬೇಡಿ.

ಕೇಳಬೇಕಾದದ್ದು ಬೇರೆ. ನಮ್ಮ ಹಿಸ್ಟರಿ ಪ್ರೊಫೆಸರ್ ಪ್ರತಿಯೊಬ್ಬರಿಗೂ ತಂತಮ್ಮ ಬುಡಕಟ್ಟಿನ ಚರಿತ್ರೆ ಬರೆದು ತರಲು ಹೇಳಿದ್ದಾರೆ. ಎಲ್ಲಿಂದ ಬಂದಿರಿ, ಯಾವ ದಾರಿಯಲ್ಲಿ ಬಂದಿರಿ, ಎಲ್ಲಿ ನೆಲೆ ನಿಂತಿರಿ, ಯಾರ ಗುಡಾರ ಎಲ್ಲಿತ್ತು. ದೂರದ ಹಲಬ್ ಪಟ್ಟಣದಿಂದ ಹೊರಟಿದ್ದು, ಸೀಸ್ತಾನದ ಬರ, ಮಕ್ರಾನಿನ ಜಗಳ, ಕೊನೆಗೆ ಬುಡಕಟ್ಟಿನ ಮೂಲಪುರುಷ ಕೋಹದಾದ ನಮ್ಮ ನೀಲಾಫ್ ಕಣಿವೆಗೆ ಇಳಿದು ಬುಗ್ಗೆಯ ಬಳಿ ಒಂಟೆ ಮಲಗಿಸಿದ್ದು, ಇದೆಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದು ನಮ್ಮ ಮನೆಯದು.

ಹಾಸಿಲ್ ತನ್ನ ವಂಶ ಹೇಳಿದ. ನಾನೂ ಹೇಳಿದೆ: ಶೇಹಕ್, ಶಾಹ್‌ದೋಸ್ತನ ಮಗ, ಪೀರಕನ ಮೊಮ್ಮಗ, ಅವನಪ್ಪ ಮಿಸ್ರಿ, ಮಿಸ್ರಿಯ ಅಪ್ಪ ಲಶ್ಕರಾನ್, ಲಶ್ಕರಾನನ ಅಪ್ಪ ಕೋಹದಾದ. ಹಾಸಿಲ್‌ಗೆ ಕೋಹದಾದನನ್ನು ಮುಟ್ಟಲು ಇನ್ನೂ ಎಷ್ಟೋ ತಲೆಮಾರು ಬಾಕಿ ಇದ್ದವು, ನಾನು ಆಗಲೇ ಮುಟ್ಟಿ ಕೂತಿದ್ದೆ. ಹುಡುಗರು ನಕ್ಕರು. ಹಾಸಿಲ್ ಮಾತ್ರ ನಗಲಿಲ್ಲ, ನೀರು ಕುಡಿಯಲು ಎದ್ದು ಹೋದ. ಯಾವಾಗಲೂ ನಗುವವನು ಆಗ ಯಾಕೆ ನಗಲಿಲ್ಲ?

ನಡುವೆ ಯಾರ ಹೆಸರೋ ಬಿಟ್ಟುಹೋಗಿದೆಯೇ? ದಯವಿಟ್ಟು ಬರೆಯಿರಿ.

ನಿಮ್ಮ ಮಗ,
ಶೇಹಕ್

*

ನೀಲಾಫ್
೯ ಅಕ್ಟೋಬರ್ ೧೯೬೬

ಶೇಹಕ್‌ಗೆ,

ಕಾಗದ ತಲುಪಿತು. ಕೆಮ್ಮಿಗೆ ಖರ್ಜೂರದ ಜೊತೆ ಕರಿಮೆಣಸು ತಿನ್ನು. ರಾತ್ರಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗು.

ಆಡುಗಳು ಬೆಟ್ಟದಿಂದ ಇಳಿದಿವೆ. ಕಂದು ಒಂಟೆ ಕುಂಟುತ್ತಿದೆ. ಮಳೆ ಬಿದ್ದ ಮೇಲೆ, ಡಿಸೆಂಬರಿನಲ್ಲಿ, ನೆಲ ಹಂಚುವ ಸಭೆ. ಹತ್ತು ವರ್ಷ ಯಾರು ಎಲ್ಲಿ ಉಳಬೇಕೆಂಬುದು ಅಲ್ಲಿ ಇತ್ಯರ್ಥವಾಗುತ್ತದೆ. ಕಳೆದ ಸಲ ಪೇಟದ ಬಟ್ಟೆಗೆ ಹಾಕಿ ಎತ್ತಿದಾಗ ನಮ್ಮ ಮನೆಯ ಗುರುತಿನ ಕಡ್ಡಿಗೆ ಬುಗ್ಗೆಯ ಕೆಳಗಿನ ನೆಲ ಬಂದಿತ್ತು, ನಿನ್ನ ಫೀಸು ಅದರಿಂದಲೇ. ಮೀರ್ ಸಂಜರನ ಮನೆಯಲ್ಲಿ ಈ ಹತ್ತು ವರ್ಷದಲ್ಲಿ ಗಂಡುಮೊಮ್ಮಕ್ಕಳು ಹೆಚ್ಚಿದ್ದಾರೆ. ನೆಲ ಹೆಚ್ಚಿಲ್ಲ.

ಕಾಲೇಜಿಗೆ ಹಲಬ್‌ನದು ಬರೆ. ಸೀಸ್ತಾನದ್ದು ಬರೆ. ಸರ್ದಾರರ ಯುದ್ಧಗಳನ್ನು ಬರೆ, ಬೇಕಾದಷ್ಟಿವೆ. ಮನೆಮನೆಯ ವಿಷಯ ಚರಿತ್ರೆಯಲ್ಲ.

ನಿನ್ನ ಅಕ್ಕ ಗ್ರಾನಾಜ್ ನಿನ್ನ ಕಾಗದವನ್ನು ಅಜ್ಜಿಗೆ ಓದಿ ಹೇಳಿದಳು. ಅಂದು ಅಜ್ಜಿ ರೊಟ್ಟಿ ಮುಟ್ಟಲಿಲ್ಲ. ಇನ್ನು ಮುಂದೆ ಇಂಥ ಕಾಗದ ಬರೆಯುವುದಾದರೆ ನನ್ನ ಹೆಸರಿಗೆ ಮಾತ್ರ ಬರೆ.

ಶಾಹ್‌ದೋಸ್ತ್ ಖಾನ್ ಕೋಹದಾಣಿ

*

ಕ್ವೆಟ್ಟಾ
೨೩ ಅಕ್ಟೋಬರ್ ೧೯೬೬

ಅಬ್ಬಾ ಅವರಿಗೆ ಸಲಾಮ್.

ಅಜ್ಜಿ ಊಟ ಮಾಡುತ್ತಿದ್ದಾರೆಯೇ? ನಾನು ಏನು ತಪ್ಪು ಕೇಳಿದೆ ಎಂದು ತಿಳಿಯುತ್ತಿಲ್ಲ. ನೀವು ನನಗೆ ಬರೆಯುವಾಗಲೂ ಪೂರ್ತಿ ಹೆಸರು ಹಾಕಿ ಸಹಿ ಮಾಡುತ್ತೀರಿ, ಮಗನಿಗಲ್ಲ, ತಹಶೀಲ್ದಾರನಿಗೆ ಬರೆದ ಹಾಗೆ. ಇದು ದೂರಲ್ಲ. ಇದೂ ದೂರಲ್ಲ.

ಒಂದು ಸಂತೋಷದ ಸುದ್ದಿ. ಮೀರ್ ಸಂಜರ್ ಅವರು ಕೋರ್ಟಿನ ಕೆಲಸಕ್ಕೆ ಬಂದವರು ಹಾಸಿಲನನ್ನು ನೋಡಲು ಹಾಸ್ಟೆಲಿಗೆ ಬಂದರು. ಹಾಸಿಲ್ ಹೊರಗೆ ಹೋಗಿದ್ದ. ರೂಮಿನಲ್ಲಿ ನಾನೊಬ್ಬನೇ. ವೈವಾ ಪರೀಕ್ಷೆಯಲ್ಲೂ ಅಷ್ಟು ಹೆದರಿರಲಿಲ್ಲ. ಆದರೆ ಒಂದನ್ನೂ ಮರೆಯಲಿಲ್ಲ, ಅಬ್ಬಾ. ಕಂಬಳಿ ಹಾಸಿದೆ, ದಿಂಬು ಕೊಟ್ಟೆ, ಚಹಾ ತರಿಸಿದೆ. ಅವರು ಕುಡಿದು ಮುಗಿಸಿದ ಮೇಲೆಯೇ, ದೊಡ್ಡವರನ್ನು ಕರೆಯಬೇಕಾದ ಹಾಗೆ, "ವಾಜಾ, ಅಹವಾಲು ಕೊಡಿ" ಎಂದೆ. ಅವರ ಹುಬ್ಬು ಮೇಲೆ ಹೋಯಿತು.

ಅವರು ತಮ್ಮ ಅಹವಾಲು ಕೊಟ್ಟರು, ಕಂಡದ್ದು ಕೇಳಿದ್ದು ಎಲ್ಲ: ದಾರಿಯದು, ಮಳೆಯದು, ಯಾರು ಸತ್ತರು, ಯಾರಿಗೆ ಮದುವೆ. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ನೀನು ಕೊಡು. ಬರುತ್ತಾ ನಿಂಗೆ, ಅಂಗ್ರೇಜಾ? ಇಲ್ಲ ನಿಮ್ಮ ಪಾದ್ರಿ ಗುಡ್ ಮಾರ್ನಿಂಗ್ ಮಾತ್ರ ಕಲಿಸಿದ್ನಾ?"

ಅಹವಾಲಿನಲ್ಲಿ ಮುಚ್ಚಿಡಬಾರದು, ಕೂಡಿಸಬಾರದು, ಹೃದಯದಲ್ಲಿರುವುದನ್ನು ಹಾಗೇ ಎತ್ತಿ ಕೊಡಬೇಕು ಎಂದು ನೀವೇ ನನಗೆ ರಜೆಯಲ್ಲಿ ಹೇಳಿದ್ದಿರಿ. ನಾನು ಎಲ್ಲವನ್ನೂ ಕೊಟ್ಟೆ. ಕೆಮ್ಮು, ಕ್ಲಾಸು, ಮೆಸ್ಸು, ಪ್ರೊಫೆಸರರ ಅಸೈನ್‌ಮೆಂಟು, ವಂಶ ಹೇಳಿದ್ದು, ಎಲ್ಲವನ್ನೂ ಶುದ್ಧ ಬಲೋಚಿಯಲ್ಲಿ, ಒಂದೇ ಒಂದು ಇಂಗ್ಲಿಷ್ ಪದವಿಲ್ಲದೆ. ಅವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನನ್ನ ಭುಜ ತಟ್ಟಿ, "ನಿಮ್ಮಪ್ಪ ನಿನ್ನ ಚೆನ್ನಾಗೇ ಬೆಳೆಸಿದ್ದಾನೆ. ಪೂರ್ತಿ ಅಹವಾಲು ಕೊಟ್ಟೆ" ಎಂದರು. ಹಾಸಿಲನಿಗೂ ಕಾಯದೆ ಹೊರಟುಬಿಟ್ಟರು.

ನಿಮಗೆ ಹೆಮ್ಮೆಯಾಗಲಿ ಎಂದು ಬರೆದೆ.

ನಿಮ್ಮ ಮಗ,
ಶೇಹಕ್

*

ನೀಲಾಫ್
೩ ನವೆಂಬರ್ ೧೯೬೬

ಶೇಹಕ್,

ಸಂಜರನ ಮುಂದೆ ನೀನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸು. ನೆನಪಿದ್ದಷ್ಟಲ್ಲ, ಹೇಳಿದಷ್ಟೂ. ಲಶ್ಕರಾನನ ಹೆಸರು ಬಂತೇ? ಅದರ ಹಿಂದೆ ಮುಂದೆ ಏನು ಬಂತು?

ಇನ್ನು ಯಾರು ಬಂದು ಕೂತರೂ ಅಹವಾಲು ಕೊಡಬೇಡ. ಗಂಟಲು ಕಟ್ಟಿದೆ ಎನ್ನು. ಚಳಿಗಾಲದ ರಜೆಗೆ ಊರಿಗೆ ಬರಬೇಡ.

ಶಾಹ್‌ದೋಸ್ತ್ ಖಾನ್ ಕೋಹದಾಣಿ

*

ಕ್ವೆಟ್ಟಾ
೮ ನವೆಂಬರ್ ೧೯೬೬

ಅಬ್ಬಾ ಅವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬಯ್ಯಬೇಡಿ.

ನಾನು ಹೇಳಿದ್ದು ಇದು: "ನಮ್ಮ ವಂಶ ಎಣಿಸಿದರೆ ಲಶ್ಕರಾನ್ ಆದ ಕೂಡಲೇ ಕೋಹದಾದ ಬರುತ್ತಾನೆ, ಲೆಕ್ಕ ಕೂಡುವುದಿಲ್ಲ. ಅಬ್ಬಾ ಅವರನ್ನು ಕೇಳಿದೆ, ಉತ್ತರ ಕೊಡಲಿಲ್ಲ. ಬಹುಶಃ ನಾವು ಬೇರೆ ಕಡೆಯಿಂದ ಬಂದವರಿರಬಹುದು. ನನಗೆ ಯಾರೂ ಹೇಳುತ್ತಿಲ್ಲ." ಇಷ್ಟೇ. "ಬಹುಶಃ" ಎಂದಿದ್ದೆ. ಆ ಪದ ಬಿಟ್ಟಿರಲಿಲ್ಲ, ಅದು ಖಂಡಿತ.

ನಿನ್ನೆ ಹಾಸಿಲನನ್ನು ಹಿಡಿದು ಕೇಳಿದೆ. ಅವನು ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದ. ಕೊನೆಗೆ "ನಮ್ಮೂರಲ್ಲಿ ಅದು ಎಲ್ರಿಗೂ ಗೊತ್ತು ಕಣೋ, ನಿನಗೊಬ್ಬನಿಗೇ ಗೊತ್ತಿಲ್ಲ. ಗೊತ್ತಿದ್ದೋರು ಯಾರೂ ಬಾಯಿ ಬಿಡಲ್ಲ. ಗೊತ್ತಿಲ್ಲದ ನೀನು ಬಿಟ್ಟೆ" ಎಂದ. ಏನು ಗೊತ್ತು ಎಂದರೆ ಹೇಳಲಿಲ್ಲ. ಕಾಲು ಹಿಡಿಯುವಷ್ಟು ಕೇಳಿಕೊಂಡೆ, ಹೇಳಲಿಲ್ಲ.

ಅಬ್ಬಾ, ನಾನು ಸುಳ್ಳು ಹೇಳಿದೆ ಎಂದುಬಿಡಲೇ? ಮೀರ್ ಸಂಜರ್ ಅವರಿಗೆ ಬರೆಯಲೇ, ಹುಡುಗಾಟಕ್ಕೆ ಹೇಳಿದೆ ಎಂದು? ನೀವು ಹೇಳಿದ ಹಾಗೆ ಮಾಡುತ್ತೇನೆ. ಏನಾದರೂ ಹೇಳಿ, ಸಾಕು.

ಶೇಹಕ್

*

ನೀಲಾಫ್
೨ ಡಿಸೆಂಬರ್ ೧೯೬೬

ಶೇಹಕಾ,

ಅಬ್ಬಾ ಬರೆಯುವುದಿಲ್ಲ. ನಿನ್ನ ಕಾಗದಗಳು ಅವರ ಕೋಟಿನ ಜೇಬಿನಲ್ಲೇ ಇವೆ. ಅದಕ್ಕೆ ನಾನು ಬರೆಯುತ್ತಿದ್ದೇನೆ. ನಾನು ನಿನ್ನ ಹಾಗೆ ಕಾಲೇಜು ಕಂಡವಳಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು, ಅಂಗ್ರೇಜ ಸಾಹೇಬ.

ಮೀರ್ ಸಂಜರ್ ಊರಿಗೆ ಬಂದವನೇ ಊರ ಮುಖಂಡ ವಡೇರನ ಮನೆಯಲ್ಲಿ, ಹಿರಿಯರೆಲ್ಲ ಕೂತಿದ್ದಾಗ, ಅಹವಾಲು ಕೊಟ್ಟ. ಕ್ವೆಟ್ಟಾದ ಅಹವಾಲು ಕೊಡುತ್ತ ನಿನ್ನ ಅಹವಾಲನ್ನೂ ಕೊಟ್ಟ. ಒಂದಕ್ಷರ ಕೂಡಿಸಲಿಲ್ಲ. ಅದೇ ಅವನ ಜಾಣತನ. "ನಾನೇನೂ ಹೇಳ್ತಿಲ್ಲಪ್ಪಾ, ಕೇಳಿದ್ದನ್ನ ಕೊಡ್ತಿದ್ದೀನಿ. ಕೋಹದಾದನ ಮಕ್ಕಳಲ್ಲ ಅಂತ ಅವರ ಮನೆ ಹುಡುಗನೇ ಅಂದ್ರೆ, ಅವರ ಕಡ್ಡಿ ನಮ್ಮ ಬಟ್ಟೆಗೆ ಹೇಗೆ ಬೀಳುತ್ತೆ, ನೀವೇ ಹೇಳಿ" ಎಂದನಂತೆ. ಅಬ್ಬಾ ಅಲ್ಲೇ ಕೂತಿದ್ದರು.

ನಿನಗೆ ಯಾರೂ ಹೇಳದ್ದನ್ನು ಅಜ್ಜಿ ನನಗೆ ಹೇಳಿದರು. ರೊಟ್ಟಿ ತಟ್ಟುತ್ತ, ನನ್ನ ಮುಖ ನೋಡದೆ ಹೇಳಿದರು. ಲಶ್ಕರಾನ್ ಕೋಹದಾದನ ಮಗನಲ್ಲ. ಎಲ್ಲಿಯವನೋ. ಕೊಲೆಯಾಗಿತ್ತು, ಹಿಂದೆ ಜನ ಬಿದ್ದಿದ್ದರು. ಬಸುರಿ ಹೆಂಡತಿಯನ್ನು ಒಂಟೆಯ ಮೇಲೆ ಕೂರಿಸಿಕೊಂಡು ನೀಲಾಫ್‌ಗೆ ಬಂದು, ಸಂಜರನ ಮುತ್ತಜ್ಜ ದಿಲ್‌ಮುರಾದನ ಗುಡಾರದ ಹಗ್ಗ ಹಿಡಿದು "ನಾನು ನಿನ್ನ ಬಾಹೋಟ್" ಎಂದ. ಆ ಮಾತು ಹೇಳಿದ ಮೇಲೆ ಮುಗಿಯಿತಲ್ಲ, ನೆರಳು ಕೇಳಿದವನನ್ನು ತಲೆ ಕೊಟ್ಟಾದರೂ ಕಾಯಬೇಕು. ಬೆನ್ನಟ್ಟಿದವರು ಬಂದರು. ಗುಡಾರದ ಬಾಗಿಲಲ್ಲಿ ದಿಲ್‌ಮುರಾದನ ಹಿರಿಮಗ ಸತ್ತ. ಲಶ್ಕರಾನ್ ಬದುಕಿದ.

ಎಷ್ಟೋ ವರ್ಷದ ಮೇಲೆ ಕಣಿವೆಯ ಮೇಲೆ ಬೇರೆಯವರು ನುಗ್ಗಿದಾಗ ಲಶ್ಕರಾನನ ಮಗನೊಬ್ಬ ದಿಲ್‌ಮುರಾದನ ಜನರ ಮುಂದೆ ನಿಂತು ಸತ್ತ. ಆಗ ಹಿರಿಯರು, ರಕ್ತಕ್ಕೆ ರಕ್ತ ಕೂಡಿತು, ಇನ್ನು ಇವರು ನಮ್ಮವರೇ ಎಂದು ಲಶ್ಕರಾನನ ಹೆಸರನ್ನು ಕೋಹದಾದನ ಕೆಳಗೆ ಇಟ್ಟರು. ನೆಲ ಹಂಚುವ ಬಟ್ಟೆಯಲ್ಲಿ ಇವರದೂ ಒಂದು ಕಡ್ಡಿ ಬಿತ್ತು. ಇನ್ನು ಮುಂದೆ ಈ ಮಾತನ್ನು ಯಾರೂ ಎತ್ತಬಾರದು ಎಂದು ಆಣೆ. ಅವರೂ ಎತ್ತಬಾರದು, ನಾವೂ ಎತ್ತಬಾರದು. ಅವರು ಎತ್ತಲಿಲ್ಲ, ಶೇಹಕಾ.

ಈ ತಿಂಗಳ ಮೂರನೇ ಶುಕ್ರವಾರ ಸಭೆ. ನೀನು ಬಂದು ಎಲ್ಲರ ಮುಂದೆ ಅಹವಾಲು ಕೊಡಬೇಕೆಂದು ವಡೇರ ಹೇಳಿ ಕಳಿಸಿದ್ದಾನೆ. ಬರಬೇಡ ಎಂದು ಅಬ್ಬಾ. ನೀನು ಬರದಿದ್ದರೆ ನಿನ್ನ ಪರವಾಗಿ ಅವರು ಮಾತಾಡಬಹುದು. ಮಗ ಸುಳ್ಳು ಅಹವಾಲು ಕೊಟ್ಟ ಎಂದು ಒಂದು ಮಾತು ಹೇಳಿದರೆ ಸಾಕು, ಆಣೆ ಉಳಿಯುತ್ತದೆ, ಕಡ್ಡಿ ಉಳಿಯುತ್ತದೆ, ನೆಲ ಉಳಿಯುತ್ತದೆ. ಅಬ್ಬಾ ಅದನ್ನೇ ಹೇಳುತ್ತಾರೆ. ನನಗೆ ಗೊತ್ತು, ದಿನವಿಡೀ ಬಾಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದಾರೆ.

ಸುಳ್ಳು ಅಹವಾಲು ಕೊಟ್ಟವನ ಗತಿ ನಿನಗೆ ಗೊತ್ತಿದೆಯೋ ಇಲ್ಲವೋ. ಪಾದ್ರಿಗಳು ಕಲಿಸಿರಲಿಕ್ಕಿಲ್ಲ. ಅವನನ್ನು ಯಾರೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಊಟಕ್ಕೂ ಕರೆಯುತ್ತಾರೆ. ಆದರೆ ಎಲ್ಲಿ ಹೋಗಿ ಕೂತರೂ "ಅಹವಾಲು ಕೊಡು" ಎಂದು ಯಾರೂ ಅವನನ್ನು ಕೇಳುವುದಿಲ್ಲ. ಸಾಯುವ ತನಕ.

ಬರುತ್ತೀಯೋ ಬಿಡುತ್ತೀಯೋ, ನಾನು ಹೇಳಲಾರೆ.

ನಿನ್ನ ಅಕ್ಕ,
ಗ್ರಾನಾಜ್

*

ರೈಲ್ವೆ ಆಸ್ಪತ್ರೆ, ಮಚ್
೧೩ ಡಿಸೆಂಬರ್ ೧೯೬೬

ಅಬ್ಬಾ,

ನಾನು ಹೊರಟೆ. ನಿಮ್ಮ ಮಾತು ಮೀರಿದೆ. ಆದರೆ ಬೋಲಾನ್ ಕಣಿವೆಯಲ್ಲಿ ಹಳ್ಳ ಬಂದು ಹಳಿ ಕೊಚ್ಚಿ ಹೋಗಿದೆ, ರಸ್ತೆಯೂ ಇಲ್ಲ. ಸ್ಟೇಷನ್ನಿನಲ್ಲಿ ನೆನೆದು ಜ್ವರ ಬಂತು, ಕೆಮ್ಮು ಎದೆಗೆ ಇಳಿದಿದೆಯಂತೆ. ಇಲ್ಲಿನ ಕಾಂಪೌಂಡರ್ ಒಂದು ಮಂಚ ಕೊಟ್ಟಿದ್ದಾರೆ. ಒಂಟೆಯವರು ಮೇಲಿನ ಬೆಟ್ಟದ ದಾರಿಯಲ್ಲಿ ಕೆಳಗಿಳಿಯುತ್ತಿದ್ದಾರೆ, ಅವರ ಜೊತೆ ಬರುತ್ತೇನೆಂದು ಎದ್ದು ನಿಂತೆ. ಅವರು ನನ್ನ ಮುಖ ನೋಡಿದರು, ಬೂಟು ನೋಡಿದರು. "ನಿನ್ನ ಕರ್ಕೊಂಡು ಹೋದ್ರೆ ಅರ್ಧ ದಾರೀಲಿ ಗುಂಡಿ ತೋಡಬೇಕಾಗುತ್ತೆ ತಮ್ಮಾ. ಕಾಗದ ಕೊಡು, ಅದು ಹಗುರ" ಎಂದರು. ಅವರು ಹೊರಗೆ ಕಾಯುತ್ತಿದ್ದಾರೆ. ಬೇಗ ಬರೆಯಬೇಕು.

ಅಕ್ಕ ಎಲ್ಲವನ್ನೂ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡಿ.

ನವೆಂಬರಿನಲ್ಲಿ, ಸುಳ್ಳು ಹೇಳಿದೆ ಎಂದುಬಿಡಲೇ ಎಂದು ನಾನೇ ಕೇಳಿದ್ದೆ. ಆಗ ಅದು ಏನೆಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಈಗಲೂ ನೀವು ಹಾಗೆ ಹೇಳುವುದಾದರೆ ಹೇಳಿ. ಮನೆಯಲ್ಲಿ ಅಜ್ಜಿ ಇದ್ದಾರೆ, ಅಕ್ಕ ಇದ್ದಾಳೆ, ಅವರಿಗೆ ನೆಲ ಬೇಕು. ಆಣೆ ಒಡೆದವನು ನಾನು. ನಾನು ಯಾರ ಮುಂದೆಯೂ ಎದುರು ಮಾತಾಡುವುದಿಲ್ಲ. ಯಾವ ಕಂಬಳಿಯ ಮೇಲೂ ಅಹವಾಲು ಕೊಡುವುದಿಲ್ಲ.

ಆದರೆ ಒಂದು. ಆಮೇಲೆ ನಾನು ಮನೆಗೆ ಬಂದಾಗ ನೀವೂ ಕೇಳಬೇಡಿ, ಅಬ್ಬಾ. ಚಿಕ್ಕವನಿದ್ದಾಗ ರಜೆಗೆ ಬಂದರೆ, ಕಾಲು ತೊಳೆಸಿ, ಕಂಬಳಿಯ ಮೇಲೆ ದೊಡ್ಡವರ ಹಾಗೆ ಕೂರಿಸಿ, "ಅಹವಾಲು ಕೊಡಿ ವಾಜಾ" ಎನ್ನುತ್ತಿದ್ದಿರಿ. ಹಾಸ್ಟೆಲಿನಲ್ಲಿ ವರ್ಷವಿಡೀ ನಾನು ಅದಕ್ಕೇ ಅಂತ ಕೂಡಿಟ್ಟುಕೊಳ್ಳುತ್ತಿದ್ದೆ, ಏನೇನು ಹೇಳಬೇಕೆಂದು. ಸುಳ್ಳನ ಬಳಿ ಅಹವಾಲು ಕೇಳಬಾರದು. ನೀವು ಕೇಳಿದರೆ ಜನ ನಿಮ್ಮನ್ನು ನೋಡಿ ನಗುತ್ತಾರೆ.

ಒಂಟೆಯವರು ಕೂಗುತ್ತಿದ್ದಾರೆ.

ಶೇಹಕ್

*

ನೀಲಾಫ್
೧೯ ಡಿಸೆಂಬರ್ ೧೯೬೬

ಶೇಹಕ್‌ಗೆ,

ಈ ಕಾಗದ ಅದೇ ಒಂಟೆಯವರ ಕೈಯಲ್ಲಿ ಬರುತ್ತಿದೆ. ಕುರಿಬಾಲದ ಕೊಬ್ಬು ಕರಗಿಸಿ ಕಳಿಸಿದ್ದೇನೆ. ಎದೆಗೆ ಹಚ್ಚಿಕೋ, ಒಂದು ಚಮಚ ಬಿಸಿ ಮಾಡಿ ಕುಡಿ. ಕಾಂಪೌಂಡರ್‌ಗೂ ಸ್ವಲ್ಪ ಕೊಡು.

ನಿನ್ನ ಕಾಗದ ಗುರುವಾರ ಸಂಜೆ ತಲುಪಿತು. ಶುಕ್ರವಾರ ನಮಾಜಿನ ಮೇಲೆ ಸಭೆ. ನಾನು ನಮ್ಮ ಕಡ್ಡಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋದೆ. ಪೀರಕ್ ಸುಟ್ಟು ಗುರುತು ಮಾಡಿದ ಅದೇ ಕಡ್ಡಿ. ವಡೇರ ಪೇಟ ಬಿಚ್ಚಿ ನೆಲದ ಮೇಲೆ ಹಾಸಿದ. ಒಬ್ಬೊಬ್ಬರೂ ತಂತಮ್ಮ ಗುರುತು ಅದಕ್ಕೆ ಹಾಕತೊಡಗಿದರು. ನನ್ನ ಸರದಿ ಬಂದಾಗ ಸಂಜರ್ ಕೈ ಎತ್ತಿದ.

"ಶಾಹ್‌ದೋಸ್ತಾ, ನಿನ್ನ ಮಗ ಬರಲಿಲ್ಲ. ಅವನು ನನಗೆ ಕೊಟ್ಟ ಅಹವಾಲಿಗೆ ನೀನೇನಂತೀ?"

ನನ್ನ ಬಾಯಲ್ಲಿ ಆ ಮಾತು ಸಿದ್ಧವಾಗಿತ್ತು. ಗ್ರಾನಾಜ್ ನಿನಗೆ ಬರೆದದ್ದು ನಿಜ. ತಿಂಗಳಿಂದ ಅದನ್ನು ನಾಲಗೆಯ ಮೇಲೆ ಇಟ್ಟುಕೊಂಡು ತಿರುಗಿದ್ದೆ. ಸಭೆ ನನ್ನ ಮುಖ ನೋಡುತ್ತಿತ್ತು. ಅಲ್ಲಿದ್ದ ಒಬ್ಬೊಬ್ಬರಿಗೂ ನಿಜ ಗೊತ್ತು. ಒಬ್ಬೊಬ್ಬರೂ ನಾನು ಸುಳ್ಳೆಂದರೆ ಹೌದೆಂದು ತಲೆ ಆಡಿಸಲು ತಯಾರಾಗಿ ಕೂತಿದ್ದರು, ಸಂಜರನೊಬ್ಬನನ್ನು ಬಿಟ್ಟು. ಅದನ್ನು ಕಂಡು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನೀನು ಮನೆಗೆ ಬಂದು ಬಾಗಿಲಲ್ಲಿ ನಿಂತ ಹಾಗೆ, ನಾನು ಅಹವಾಲು ಕೇಳದೆ ಆಡುಗಳನ್ನು ನೋಡುತ್ತಿದ್ದ ಹಾಗೆ ಕಂಡಿತು.

"ನನ್ನ ಮಗ ಕೊಟ್ಟ ಅಹವಾಲು ನಿಜ" ಎಂದೆ.

ಆಮೇಲೆ ಎದ್ದು ಸಂಜರನ ಮುಂದೆ ಹೋದೆ. ಅವನು ಕೂತಿದ್ದ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆ. ಕೂತಾಗ ಮಂಡಿ ಸದ್ದು ಮಾಡಿತು, ಯಾರೋ ಹುಡುಗರು ನಕ್ಕರು. "ದಿಲ್‌ಮುರಾದನ ಮರಿಮಗನೇ, ನಾನು ನಿನ್ನ ಬಾಹೋಟ್" ಎಂದೆ.

ನಗು ನಿಂತಿತು. ನೆರಳು ಕೊಟ್ಟವನು ಅನ್ನವನ್ನೂ ತನ್ನ ಪಾಲಿನಿಂದಲೇ ಕೊಡಬೇಕು, ಇದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಸಂಜರ್ ನನ್ನನ್ನು ನೋಡಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದ. ವಡೇರ ಕೇಳಿದ: "ಮೀರ್, ಬಾಗಿಲಿಗೆ ಬಂದಿದ್ದಾನೆ. ಒಳಗೋ ಹೊರಗೋ, ಹೇಳು."

ಸಂಜರ್ ಗಡ್ಡ ನೀವಿಕೊಂಡ. "ಬಟ್ಟೆಗೆ ಬೀಳೋದು ಬೇಡ ಅಂದ್ರೆ ನನ್ನ ತಲೆ ಮೇಲೇ ಬಿದ್ದ" ಎಂದ. ಸಿಟ್ಟಿನಲ್ಲೇ ಅಂದ. ಅಂದು, ಪಕ್ಕಕ್ಕೆ ಸರಿದು ಕೂತ. ಸರಿದ ಜಾಗದಲ್ಲಿ ನಾನು ಕೂತೆ.

ಬುಗ್ಗೆಯ ಕೆಳಗಿನ ನೆಲ ಬೇರೆಯವರ ಕಡ್ಡಿಗೆ ಹೋಯಿತು, ಸಂಜರನಿಗೂ ಸಿಗಲಿಲ್ಲ. ಅವನ ಪಾಲಿನ ತುದಿಯಲ್ಲಿ ನಮಗೊಂದು ತುಂಡು ಕೊಟ್ಟಿದ್ದಾನೆ. ಕಲ್ಲು ಹೆಚ್ಚು. ಜೋಳ ಬರಬಹುದು, ಗೋಧಿ ಬರಲಿಕ್ಕಿಲ್ಲ. ನಿನ್ನ ಫೀಸಿಗೆ ಕಂದು ಒಂಟೆ ಇದೆ, ಕುಂಟು ವಾಸಿಯಾಗಿದೆ, ಮಾರಬಹುದು. ಸಭೆಯಲ್ಲಿ ಇನ್ನು ನನ್ನ ಜಾಗ ಚಪ್ಪಲಿ ಬಿಡುವ ಕಡೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅಜ್ಜಿಗೆ ಹೇಳಿದೆ. ಅಜ್ಜಿ ನಗಲಿಲ್ಲ, ಆದರೆ ಊಟ ಮಾಡಿದರು. ಸಂಜರನ ಹೆಂಡತಿ "ನಮ್ಮ ಬಾಹೋಟ್‌ಗಳಿಗೆ" ಎಂದು ಹೇಳಿ ಬೆಣ್ಣೆ ಕಳಿಸಿದಳು. ನಿನ್ನ ಅಕ್ಕ ಅದನ್ನು ನಾಯಿಗೆ ಹಾಕಿದಳು. ನಾನು ನೋಡದವನ ಹಾಗೆ ಇದ್ದೆ.

ಕಡ್ಡಿ ನನ್ನ ಬಳಿಯೇ ಇದೆ. ಒಲೆಗೆ ಹಾಕಲು ಮನಸ್ಸಾಗಲಿಲ್ಲ.

ನಿನ್ನ ಮೇಲೆ ಈಗ ಸಿಟ್ಟು ಇದೆಯೋ ಇಲ್ಲವೋ, ನನಗೇ ತಿಳಿಯದು. ಇಪ್ಪತ್ತು ಸಲ ಸಿಟ್ಟಾಗಿದ್ದೇನೆ, ಇನ್ನೂ ಆಗುತ್ತೇನೆ. ಜ್ವರ ಇಳಿದ ಮೇಲೆ ಬಾ. ಕಂಬಳಿ ಹಾಸಿಟ್ಟಿರುತ್ತೇನೆ.

ಕಾಲೇಜಿಗೆ ಬರೆಯುವುದಾದರೆ ಹೀಗೆ ಬರೆ: ಶೇಹಕ್, ಶಾಹ್‌ದೋಸ್ತನ ಮಗ, ಪೀರಕನ ಮೊಮ್ಮಗ, ಅವನಪ್ಪ ಮಿಸ್ರಿ, ಮಿಸ್ರಿಯ ಅಪ್ಪ ಲಶ್ಕರಾನ್. ಲಶ್ಕರಾನನ ಅಪ್ಪನ ಹೆಸರು ನನಗೆ ಗೊತ್ತಿಲ್ಲ. ಅಜ್ಜಿಗೂ ಗೊತ್ತಿಲ್ಲ. ಹಗ್ಗ ಹಿಡಿದು ನಿಂತವನನ್ನು ಯಾರ ಮಗನೆಂದು ಕೇಳಬಾರದು. ದಿಲ್‌ಮುರಾದ್ ಕೇಳಲಿಲ್ಲ.

ನಿನ್ನ ಅಬ್ಬಾ,
ಶಾಹ್‌ದೋಸ್ತ್